ಕುಸ್ನಾದಿ ಮೇಷ್ಟ್ರ ಮೂವತ್ತಾರು ಗಂಟೆ

ಸುಲಾಸ್ತ್ರಿಯ ಲೇಖನವನ್ನು ಹೊರದೇಶದ ಪತ್ರಿಕೆಯವರು ಮೂರನೇ ಸಲ ವಾಪಸ್ ಕಳಿಸಿದ್ದರು. ಅದು ಅಚ್ಚಾದರಷ್ಟೇ ಬಡ್ತಿ. ಇಂಡೊನೇಷ್ಯಾದ ಜೆಂಬರ್ ಊರಿನ ನಮ್ಮ ಕಾಲೇಜಿನಲ್ಲಿ ಅವಳ ಮೇಜು ನನ್ನ ಪಕ್ಕದ್ದೇ. ಫೇಲಾದವರ ಉತ್ತರಪತ್ರಿಕೆಯ ಮೇಲೂ ‘ಒಳ್ಳೆಯ ಪ್ರಯತ್ನ’ ಎಂದು ಬರೆಯುವ ಹೆಂಗಸು.

‘ಹಿಂದಿನ ಸಂಶೋಧನೆಯಲ್ಲಿ ಏನು ಕೊರತೆ? ಅದನ್ನು ಹೇಳದಿದ್ದರೆ ನಿಮ್ಮದೇಕೆ ಬೇಕು?’ ಎಂಬುದು ಪತ್ರಿಕೆಯವರ ಪ್ರಶ್ನೆ. ಹಿಂದಿನ ಸಂಶೋಧನೆ ಅವಳ ಗುರು ಕುಸ್ನಾದಿಯವರದು. ನಮ್ಮ ಕಡೆಯ ತೆಂಪೆ ಎಂಬ ತಿನಿಸಿಗೆ ಸೋಯಾ ಕಾಳು ಹುದುಗಲು ಮೂವತ್ತಾರು ಗಂಟೆ ಬೇಕೆಂದು ಅವರು ಬೇಸಿಗೆಯಲ್ಲಷ್ಟೇ ಅಳೆದು ಬರೆದಿದ್ದರು. ಮಳೆಗಾಲದಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ ಎಂಬುದೇ ಇವಳ ಲೇಖನ. ಸುಲಾಸ್ತ್ರಿ ಮಾತ್ರ ಪ್ರತಿ ಸಲವೂ ‘ಗುರುಗಳ ಅಮೂಲ್ಯ ಕೆಲಸಕ್ಕೆ ಇದೊಂದು ಕಿರು ಸೇರ್ಪಡೆ’ ಎಂದೇ ಬರೆಯುತ್ತಿದ್ದಳು.

“ನೇರವಾಗಿ ಬರೀಬಾರ್ದೇನೇ?” ಎಂದು ನಾನು ರೇಗಿದೆ.

“ಅವರನ್ನ ಕೇಳದೆ ಹೇಗೆ ಬರೀಲಿ? ನೀನೂ ಬಾ.”

ಕರಿದ ಬಾಳೆಹಣ್ಣಿನ ಪೊಟ್ಟಣ ಹಿಡಿದು ಕುಸ್ನಾದಿ ಮೇಷ್ಟ್ರ ಮನೆಗೆ ಹೋದೆವು. ಮೇಷ್ಟ್ರು ಅವಳ ಲೇಖನದ ಹಾಳೆ ಓದಿ ಪೆನ್ನು ತೆಗೆದರು. ಒಂದೇ ವಾಕ್ಯದಲ್ಲಿ ಅವಳು ನಾಲ್ಕು ಸಲ ‘ಬಹುಶಃ’ ಹಾಕಿದ್ದಳು. ನಾಲ್ಕನ್ನೂ ಹೊಡೆದುಹಾಕಿದರು.

“ಮಳೆಗಾಲದಲ್ಲಿ ನಾನು ಅಳೀಲೇ ಇಲ್ಲ. ಹಾಗೇ ಬರಿ ಮಗಳೇ. ಇದರಲ್ಲಿ ಹೆದರೋದೇನಿದೆ?”

ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರೇ ಕೇಳಿದರು: “ಇದು ನಿಂಗೆ ಯಾವಾಗ ಗೊತ್ತಾಯ್ತು?”

“ನಿಮ್ಮ ಹತ್ರ ಓದುವಾಗ್ಲೇ ಸರ್. ಹದಿನಾಲ್ಕು ವರ್ಷ ಆಯ್ತು.”

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

“ಹೋದ ವರ್ಷ ರಿಟೈರ್ ಆಗೋವರೆಗೂ ನಾನು ಮಕ್ಕಳಿಗೆ ಅದನ್ನೇ ಪಾಠ ಮಾಡಿದ್ನಲ್ಲಮ್ಮಾ.”