‘ಅದೇನ್ರಿ’ ಎಂದವರು ಯಾರು?

ಇದು ಹೀಗೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ತರ್ಕಶಾಸ್ತ್ರ ಓದಿದವನು, ಯಾರನ್ನಾದರೂ ಕಟಕಟೆಗೆ ಹತ್ತಿಸಬೇಕೆಂದರೆ ಮೊದಲು ನನ್ನ ನೆನಪನ್ನೇ ಹತ್ತಿಸುತ್ತೇನೆ. ಮೊನ್ನೆ ಹುಬ್ಬಳ್ಳಿಯ ಕೋರ್ಟಿನ ಪಡಸಾಲೆಯಲ್ಲಿ ಜವಾನ ಯಾರದೋ ಹೆಸರು ಕೂಗಿದ. ಮೂಲೆಯಿಂದ ಒಬ್ಬ ರೈತ ‘ಅದೇನ್ರಿ’ ಎಂದ. ನಾನು ತಟ್ಟನೆ ಹಿಂತಿರುಗಿ ನೋಡಿದೆ.

ನಮ್ಮ ಕಡೆ ಅದಕ್ಕೆ ‘ಇದ್ದೇನೆ’ ಎಂದರ್ಥ. ಮೂವತ್ತರ ದಶಕದಲ್ಲಿ, ಧಾರವಾಡದ ಕಾಲೇಜಿನಲ್ಲಿ ನಾವೆಲ್ಲ ಹಾಜರಿಗೆ ‘ಯಸ್ ಸರ್’ ಎನ್ನುತ್ತಿದ್ದೆವು. ಹೆಬ್ಬಳ್ಳಿಯ ಬಸಲಿಂಗ ಮಾತ್ರ ‘ಅದೇನ್ರಿ’. ಮೈಸೂರು ಕಡೆಯ ಪ್ರೊಫೆಸರರು ಅದನ್ನು ಪ್ರಶ್ನೆಯೆಂದು ತಿಳಿದು, “ಏನೂ ಇಲ್ಲ, ಕೂತ್ಕೊಳ್ಳಪ್ಪ” ಎನ್ನುವರು. ತರಗತಿಗೆ ದಿನವೂ ನಗೆ.

ಬಸಲಿಂಗ ಊರಿಗೆ ಹೋದಾಗ ಅವನ ದನಿಯಲ್ಲಿ ‘ಅದೇನ್ರಿ’ ಎಂದು ಹಾಜರಿ ಕೂಗುತ್ತಿದ್ದವನು ದಾವಲ, ಹುಬ್ಬಳ್ಳಿಯಲ್ಲಿ ಟಾಂಗಾ ಗಾಲಿ ಕಟ್ಟುವವರ ಮಗ. “ಲೇ, ನೀ ಸತ್ರೂ ನಿನ್ನ ಹಾಜರಿ ತಪ್ಪಂಗಿಲ್ಲ ಬಿಡೋ” ಎಂದು ಅವನನ್ನು ಕಾಡಿಸುತ್ತಿದ್ದ. ಹಾಗೆಂದು ನನ್ನ ನೆನಪು. ಆಮೇಲೆ ನಾನೇ ಸೇರಿಸಿಕೊಂಡ ಮಾತೂ ಇರಬಹುದು.

ಒಂದು ದಿನ ಬಸಲಿಂಗ ಜ್ವರದಿಂದ ಊರಲ್ಲಿದ್ದ. ಬೆಳಿಗ್ಗೆ ಹತ್ತರ ಹಾಜರಿಯಲ್ಲಿ ಅವನ ಹೆಸರು ಬಂತು. ನನ್ನ ಪಕ್ಕದಲ್ಲಿ ದಾವಲ ಲೇಖನಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮಸಿದೌತಿಯ ಮುಚ್ಚಳ ತಿರುವುತ್ತಿದ್ದ. ಹಿಂದಿನ ಖಾಲಿ ಬೆಂಚಿನ ಕಡೆಯಿಂದ ‘ಅದೇನ್ರಿ’ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ. ಪ್ರೊಫೆಸರರೂ ‘ಏನೂ ಇಲ್ಲ’ ಎನ್ನದೆ, ಹಾಜರೆಂದು ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು.

ಮಧ್ಯಾಹ್ನ ಸುದ್ದಿ ಬಂತು: ಬಸಲಿಂಗ ಆ ಬೆಳಿಗ್ಗೆ ತೀರಿಕೊಂಡಿದ್ದ.

ತೀರಿಕೊಂಡವನಿಗೆ ಹಾಜರಿ ಬಿದ್ದದ್ದು ತಿಳಿದು ಪ್ರಿನ್ಸಿಪಾಲರು ದಾವಲನನ್ನು ಕರೆಸಿದರು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಕ್ಷಮೆ, ಇಲ್ಲವಾದರೆ ಕಾಲೇಜು ಬಿಡಬೇಕು.

“ಹಿಂದ ಭಾಳ ಸಲ ಕೂಗೇನ್ರಿ, ಖರೇ. ಅದನ್ನ ಬೇಕಾದ್ರ ಈಗ ಬರದು ಕೊಡ್ತೇನಿ. ಇವತ್ತಿಂದು ನಾನಲ್ರಿ.”

“ಸತ್ತವನ ಹೆಸರಲ್ಲೂ ಸುಳ್ಳೇ?”

“ಅದಕ್ಕ ರೀ, ಸತ್ತವನ ಹೆಸರಿನ್ಯಾಗ ನಾ ಸುಳ್ಳ ಬರ್ಯಾಂಗಿಲ್ಲ.”

ಅವನ ತುಟಿ ಅಲುಗಲಿಲ್ಲವೆಂದು ನಾನು ಸಾಕ್ಷಿ ಹೇಳಿದೆ. ಗೆಳೆಯನ ಸಾಕ್ಷಿ ನಡೆಯಲಿಲ್ಲ. ಮರುದಿನ ದಾವಲ ಹಾಸಿಗೆ ಸುತ್ತಿಕೊಂಡು, “ದೋಸ್ತ, ಅಪ್ಪನ ಗಾಲಿ ಕಾಯಾಕತ್ತಾವು” ಎಂದು ನಗಲು ನೋಡಿ, ಹೋಗಿಬಿಟ್ಟ.

ಆ ದಿನ ತರಗತಿಯ ಹೊರಗೆ ಹೋಗುತ್ತಿದ್ದ ಯಾರೋ ಏನನ್ನೋ ಕಂಡು ‘ಅದೇನ್ರಿ?’ ಎಂದು ಕೇಳಿರಬೇಕು. ಇಷ್ಟು ವರ್ಷ ಈ ವಿವರಣೆಯ ಮೇಲೆ ತಲೆಯಿಟ್ಟು ಮಲಗಿದ್ದೇನೆ. ಅದು ಈಗಲೂ ಸರಿಯಿರಬಹುದು. ಆದರೆ ಮೊನ್ನೆ ಕೋರ್ಟಿನಿಂದ ಮನೆಗೆ ಹೋಗಲು ಮನಸ್ಸಾಗದೆ ಹೆಬ್ಬಳ್ಳಿಯ ದಾರಿ ಹಿಡಿದೆ. ಬಸಲಿಂಗನ ಅಕ್ಕ ಇನ್ನೂ ಇದ್ದಾರೆ. ಕಾಲೇಜಿನ ಕತೆ ಅವರ ಕಿವಿಗೆ ಬಿದ್ದೇ ಇರಲಿಲ್ಲ; ನಾನೂ ಹೇಳಲಿಲ್ಲ. ಕೊನೆಗಾಲದಲ್ಲಿ ಏನಾದರೂ ಅಂದನೇ ಎಂದಷ್ಟೇ ಕೇಳಿದೆ.

“ಹೊಲಕ್ಕ ಬುತ್ತಿ ಒಯ್ಯೂ ಹೊತ್ತು ಆಗಿತ್ರಿ, ಹತ್ತರ ಸುಮಾರು. ಒಮ್ಮಿಂದೊಮ್ಮಿಗೆ ಎದ್ದು ಕುಂತು ‘ಅದೇನ್ರಿ’ ಅಂದ, ಹಂಗ ಹೋದ. ಮನ್ಯಾಗ ನಾವ್ಯಾರೂ ಅವನ್ನ ಕರದಿದ್ದಿಲ್ರಿ.”