ಲೆಟ್ ಅಂದ್ರೆ ತಡೆ ಕಣಮ್ಮ

ನಮ್ಮ ಮಾವನವರು ಮದ್ದೂರಿನಲ್ಲಿ ವಕೀಲರೊಬ್ಬರ ಗುಮಾಸ್ತರು. ಇಂಗ್ಲಿಷ್ ಕ್ರಯಪತ್ರಗಳನ್ನು ನಕಲು ಮಾಡೀ ಮಾಡೀ ಆ ಭಾಷೆ ಕಲಿತವರು. ಸೊಸೆಯನ್ನು ಓದಿಸಲು ಹೊರಟ ಮಾವ ಆಗ ನಮ್ಮೂರಿಗೆಲ್ಲ ಅವರೊಬ್ಬರೇ. ಮೈಸೂರಿನ ಉಪಾಧ್ಯಾಯಿನಿಯರ ತರಬೇತಿ ಶಾಲೆಗೆ ನಾನು ಅರ್ಜಿ ಹಾಕಿದ್ದು ಅವರ ಮಾತಿನ ಮೇಲೇ. ಆ ವರ್ಷ ಹೋಗದಿದ್ದರೆ ಮುಂದಿನ ವರ್ಷ ನಮ್ಮತ್ತೆ ತೊಟ್ಟಿಲು ಕಟ್ಟುವುದು ಖಂಡಿತವಿತ್ತು.

ಶಾಲೆಯವರು ಮನೆಯ ಹಿರಿಯರ ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಕೇಳಿದರು. ಲೆಟ್ ಎಂದರೆ ‘ಬಿಡು’ ಎಂದು ಮಳವಳ್ಳಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನಾನೇ ಬರೆದೆ: ‘ಐ ಷಲ್ ಲೆಟ್ ಹರ್ ಜಾಯಿನ್.’ ಓದಿದ ಮಾವನವರು ಗಾಬರಿಬಿದ್ದರು.

“ಇದೇನಮ್ಮ ಇಂಗ್ ಬರ್ದಿದ್ದೀಯ? ಲೆಟ್ ಅಂದ್ರೆ ತಡೆ ಕಣಮ್ಮ! ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಅಂತ ಪ್ರತಿ ಕ್ರಯಪತ್ರದಾಗೂ ಬರೀತೀವಿ, ತಡೆ ತಕರಾರಿಲ್ದೆ ಅನುಬವಿಸ್ಕೊಂಡು ಓಗು ಅಂತ. ನಾನು ನಿನ್ನ ತಡೀತೀನಾ?”

‘ಷಲ್’ ಆದಮೇಲೆ ‘ನಾಟ್’ ಸೇರಿಸಿ, ರುಜು ಹಾಕಿ, ಲಕೋಟೆ ಅಂಟಿಸಿ ಕೋಟಿನ ಜೇಬಿಗಿಟ್ಟುಕೊಂಡರು. ಮಾವ ಹೇಳಿದ್ದು ತಪ್ಪು ಎನ್ನುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿರಲಿಲ್ಲ. ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಿಂತೆ.

ಅಂದು ಭಾನುವಾರ. ಮಂಡ್ಯದಲ್ಲಿ ಕೆಲಸಕ್ಕಿದ್ದ ನಮ್ಮವರು ಮನೆಗೆ ಬಂದಿದ್ದರು. ಹಿತ್ತಲಲ್ಲಿ ಅವರನ್ನು ಹಿಡಿದು ವಿಷಯ ತಿಳಿಸಿದೆ. ಅವರಿಗೆ ನಗು.

“ನಮ್ ಟೆನಿಸ್‌ನಾಗೆ ಸರ್ವೀಸ್ ಮಾಡಿದ್ ಚೆಂಡು ಬಲೆ ಸವರ್ಕೊಂಡು ಆಚೆ ಬಿದ್ರೆ ಲೆಟ್ ಅಂತೀವಿ. ಅದು ಲೆಕ್ಕಕ್ಕಿಲ್ಲ, ಇನ್ನೊಂದ್ ಸಲ ಒಡೀಬೋದು.”

“ಅಂಗಾದ್ರೆ ಮಾವಂಗೆ ಏಳಿ, ಇನ್ನೊಂದ್ ಸಲ ಬರ್ಕೊಡ್ಲಿ.”

“ಅಪ್ಪಂಗೆ ಇಂಗ್ಲೀಸ್ ಬರಾಕಿಲ್ಲ ಅಂತ ನಾನು ಏಳ್ಬೇಕಾ? ನನ್ ಕೈಲಾಗಾಕಿಲ್ಲ, ಬುಡು.”

ಟೆನಿಸ್ ಆಡುವ ಶೂರರು! ನನಗೆ ಮೈಯೆಲ್ಲ ಉರಿಯಿತು. ಸೋಮವಾರ ಬೆಳಿಗ್ಗೆ ಮಾವನವರು ತಾವೇ ನಡೆದುಹೋಗಿ ಕಾಗದ ಟಪಾಲಿಗೆ ಹಾಕಿ ಬಂದರು.

ಎರಡು ವಾರಕ್ಕೆ ಉತ್ತರ ಬಂತು. ಮನೆಯ ಹಿರಿಯರ ಒಪ್ಪಿಗೆ ಇಲ್ಲದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ. ಮಾವನವರು ಅದನ್ನು ಮತ್ತೆ ಮತ್ತೆ ಓದಿದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

“ಅಂತಾ ದೊಡ್ಡ ಇಸ್ಕೂಲ್ನಾಗೆ ನೆಟ್ಟಗೆ ಇಂಗ್ಲೀಸ್ ಬರೋರು ಒಬ್ರೂ ಇಲ್ವಲ್ಲಮ್ಮ!”

“ಇಲ್ಲ ಮಾವ,” ಎಂದೆ.