ಮಸಾಲೆ ಅರೆದಾಗಿದೆ

ದೋಹಾದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಉಡುಪಿ ಕಡೆಯ ಕ್ಲಾರ್ಕು, ಮೀನು ಹಿಡಿಯಲು ಹೊರಡುವ ಮೊದಲೇ ಹೆಂಡತಿಯಿಂದ ಸಾರಿನ ಮಸಾಲೆ ಅರೆಸಿಡುತ್ತಿದ್ದರು. "ಮಸಾಲೆ ಅರೆದಾಗಿದೆ ಮಾರಾಯ, ಇನ್ನು ಮೀನು ಬರ್ಲೇಬೇಕು" ಎನ್ನುವುದು ಅವರ ಮಾತು.

ತೊಂಬತ್ತರ ದಶಕದ ಒಂದು ಅಕ್ಟೋಬರ್, ಸೆಕೆ ಇಳಿದ ಶುಕ್ರವಾರದ ಬೆಳಿಗ್ಗೆ, ನನ್ನನ್ನೂ ಪಕ್ಕದೂರು ಅಲ್ ವಕ್ರಾದ ಕಡಲಿಗೆ ಎಳೆದೊಯ್ದರು. ಅವರ ಗಾಳದಲ್ಲಿ ಎರೆಯಾಗಿ ಸಿಗಡಿ ಇರಲಿಲ್ಲ. ಬದಲಿಗೆ ಮೀನುಗಳನ್ನು ಮರುಳು ಮಾಡಲು, ಮೂತಿಗೆ ಪ್ಲಾಸ್ಟಿಕ್ ನಾಲಿಗೆಯಿದ್ದ ಹಳದಿ ಆಟಿಕೆ ಮೀನಿತ್ತು. ದಾರ ಸುತ್ತಿದಂತೆ ಅದು ಮುಳುಗಿ ಮೈ ಬಳುಕಿಸುತ್ತಾ ಬರುತ್ತಿತ್ತು. ಜೊತೆಗೆ ಅವರ ಸೊಂಟವೂ ಬಳುಕುತ್ತಿತ್ತು.

ಥಟ್ಟನೆ ಗಾಳದ ಕೋಲು ಬಾಗಿತು.

"ಹಮೂರ್! ಹಿಡ್ಕೊ ಮಾರಾಯ, ನನ್ನನ್ನು ಹಿಡ್ಕೊ!"

ನಾನು ಅವರ ಬೆಲ್ಟು ಹಿಡಿದು ಜೋತುಬಿದ್ದೆ. ಮೊಳದುದ್ದದ ಹಮೂರ್ ಮೀನು ಬಂಡೆಯ ಮೇಲೆ ಬಂದು ಬಿತ್ತು! ಅವರು ಗಾಳ ಬಿಡಿಸಿದವರೇ ಆಟಿಕೆ ಮೀನನ್ನು ಎತ್ತಿಕೊಂಡು, ಅಂಗಿಯಲ್ಲಿ ಒರೆಸಿ, "ನೋವಾಯ್ತಾ ಮಗಾ?" ಎಂದು ಮುತ್ತಿಟ್ಟರು. ಅಷ್ಟರಲ್ಲಿ ಹಮೂರ್ ಒಂದೇ ನೆಗೆತಕ್ಕೆ ಕಡಲು ಸೇರಿತು.

"ಅಯ್ಯೋ, ಖಲಾಸ್!" ಎಂದು ನಾನು ತಲೆಗೆ ಕೈಹೊತ್ತೆ.

ಅವರು ಆಗಲೇ ಕೋಲು ಬೀಸಿಯಾಗಿತ್ತು.

"ಎಂತ ಖಲಾಸ್? ಮಸಾಲೆ ಅರೆದಾಗಿದೆ ಮಾರಾಯ!"